ಹರಕೆ ಹೊತ್ತವರೇ ತೀರಿಸಬೇಕು ಎಂದ ಹವಾಲ್ದಾರ ಕಾಕಾ

ಹವಾಲ್ದಾರ ಕಾಕಾ ಅವರ ಬಲಗಾಲಿಗೆ ಬೆರಳುಗಳೇ ಇರಲಿಲ್ಲ. ಪಾದ ರೊಟ್ಟಿಯ ಅಂಚಿನ ಹಾಗೆ ದುಂಡಗೆ ಮುಗಿದುಹೋಗಿತ್ತು. ಕ್ಯಾನ್ವಾಸ್ ಬೂಟಿನ ಮುಂದಿನ ಖಾಲಿ ಜಾಗಕ್ಕೆ ಹಳೆ ಧೋತರದ ಚಿಂದಿ ತುರುಕಿಕೊಂಡು ನಡೆಯುತ್ತಿದ್ದರು. ಅದು ಹಿಮ ತಿಂದ ಕಾಲು. ಪಾಳಾ ಹತ್ತಿರದ ನಮ್ಮೂರಿನಲ್ಲಿ ಹಿಮ ಕಂಡವರು ಯಾರಿದ್ದರು? ಹೆಚ್ಚೆಂದರೆ ಮುಂಡಗೋಡಿನ ಐಸ್‌ಕ್ಯಾಂಡಿ ಪೆಟ್ಟಿಗೆಯೊಳಗೆ ಇಣುಕಿದವರು. "ಕಾಕಾ, ಬೆರಳು ಎಲ್ಲಿ ಹೋದ್ವುರಿ?" ಎಂದು ನಾವು ಹುಡುಗರು ಕೇಳಿದರೆ, "ರಜಾದ ಮ್ಯಾಲ ಹೋಗ್ಯಾವಲೇ. ಇನ್ನೂ ಡ್ಯೂಟಿಗೆ ಹಾಜರಾಗಿಲ್ಲ" ಎನ್ನುತ್ತಿದ್ದರು. ನಗುತ್ತಲೂ ಇರಲಿಲ್ಲ, ಮಹಾರಾಯರು.

ರಕ್ತಸಂಬಂಧದ ಕಾಕಾ ಅಲ್ಲ. ನಮ್ಮ ಅಪ್ಪನ ಜೊತೆ ಒಂದೇ ಸಾಲಿಯಲ್ಲಿ ಪಾಟಿ-ಬಳಪ ಹಿಡಿದು ಕೂತವರು. ಸೈನ್ಯದಿಂದ ನಿವೃತ್ತರಾಗಿ ಊರಿಗೆ ಬಂದ ಮೇಲೆ ಅವರು ಮಾಡಿದ ಮೊದಲ ಕೆಲಸ ಬಸ್‌ಸ್ಟ್ಯಾಂಡ್ ಗುಡಿಸಿದ್ದು. ಯಾರೂ ಹೇಳಿರಲಿಲ್ಲ. ದಿನಾ ಬೆಳಿಗ್ಗೆ ಕಸಬರಿಗೆ ಹಿಡಿದು ಬರುವರು, ಗುಡಿಸುವರು, ಹೋಗಿ ಚಹಾ ಕುಡಿಯುವರು. "ಪಿಂಚಣಿ ತೊಗೊಳ್ಳೋ ಮನಷಾಗ ಇದೇನು ಬಂತ್ರಿ" ಎಂದು ಊರು ಆಡಿಕೊಂಡಿತು. ತಲೆಗೂ ಹಿಮ ಹೊಡೆದಿದೆ ಎಂದವರೂ ಇದ್ದರು. ಕಾಕಾ ಯಾರಿಗೂ ಬುದ್ಧಿ ಹೇಳಲಿಲ್ಲ, ಯಾರನ್ನೂ ಜೊತೆಗೆ ಕರೆಯಲೂ ಇಲ್ಲ.

ದೇಶಭಕ್ತಿಯ ಮಾತು ಚಹಾದಂಗಡಿಯಲ್ಲಿ ಬಹಳ ಅಗ್ಗ. ಕೂತ ಕಟ್ಟೆಯಿಂದ ಏಳದವರೇ ಹೆಚ್ಚು ಆಡುತ್ತಾರೆ. ಒಮ್ಮೆ ಕಿರಾಣಿ ಅಂಗಡಿಯ ಸಾಹುಕಾರರು, "ಎಲ್ಲಾ ಹುಡುಗರನ್ನೂ ಎರಡು ವರ್ಷ ಕಡ್ಡಾಯ ಮಿಲಿಟರಿಗೆ ಹಾಕಬೇಕ್ರಿ. ಆಗ ಬುದ್ಧಿ ಬರ್ತೈತಿ. ಬ್ಯಾರೆ ದೇಶದಾಗ ಹಾಕ್ತಾರಲ್ಲ?" ಎಂದರು.

ಕಾಕಾ ಚಹಾದ ಬಸಿ ಕೆಳಗಿಟ್ಟರು. "ಅವರ ಅಡಚಣಿ ಅವರಿಗೆ ಗೊತ್ತರಿ ಸಾವಕಾರ್ರ. ನಾ ನಂದು ಹೇಳ್ತೇನಿ. ನನ್ನ ಬೆನ್ನ ಹಿಂದ ನಿಂತಾವ ತಾನಾಗೇ ಬಂದಾನ ಅನ್ನೂದು ಗೊತ್ತಿತ್ತು ನೋಡ್ರಿ, ಅದಕ್ಕ ಆ ಹಿಮದಾಗೂ ನನಗ ನಿದ್ದಿ ಹತ್ತತಿತ್ತು. ಕಾಲು ಹೋದಾಗ ನನ್ನ ಹೊತ್ತು ತಂದಾವನೂ ಅವನ. ಹೊರು ಅಂತ ಅವಗ ಯಾರೂ ಹುಕುಂ ಕೊಟ್ಟಿರಲಿಲ್ಲ."

ಸಾಹುಕಾರರು ಮಳೆಯ ಮಾತು ತೆಗೆದರು.

ಈ ಮಾತು ನನ್ನ ಪಾಲಿಗೆ ಬರೀ ಚಹಾದಂಗಡಿಯ ಮಾತಾಗಿರಲಿಲ್ಲ. ಹುಟ್ಟಿದ ವರ್ಷವೇ ನನಗೆ ಜ್ವರ ನೆತ್ತಿಗೇರಿ, ಇನ್ನು ಉಳಿಯುವುದಿಲ್ಲ ಎಂದು ಎಲ್ಲರೂ ಕೈಚೆಲ್ಲಿದ್ದರಂತೆ. ಅಪ್ಪ ಊರ ಬಸವಣ್ಣನ ಗುಡಿಗೆ ಹೋಗಿ, "ಮಗ ಉಳಿದ್ರ ಮಿಲಿಟರಿಗೆ ಬಿಡ್ತೇನಿ" ಎಂದು ಹರಕೆ ಹೊತ್ತರು. ನಮ್ಮ ಕಡೆ ಮಗನನ್ನು ಮಠಕ್ಕೆ ಬಿಡುವ ಹರಕೆ ಉಂಟು. ಆಗಷ್ಟೇ ಸೈನ್ಯ ಸೇರಿ, ರಜೆಗೆಂದು ಹಸಿರು ಬಟ್ಟೆಯಲ್ಲಿ ಬಂದಿದ್ದ ಗೆಳೆಯನನ್ನು, ಅಂದರೆ ಇದೇ ಕಾಕಾ ಅವರನ್ನು, ಕಂಡು ಅಪ್ಪನಿಗೆ ಮಠದ ಬದಲು ಮಿಲಿಟರಿ ಹೊಳೆದಿತ್ತು. ನಾನು ಉಳಿದೆ. ಅಲ್ಲಿಗೆ ನನ್ನ ಹಣೆಬರಹ ಬರೆದಾಯಿತು. ಮಠಕ್ಕೆ ಬಿಟ್ಟ ಮಗನನ್ನು "ಹೋಗ್ತಿಯೇನಪಾ" ಎಂದು ಯಾರಾದರೂ ಕೇಳುತ್ತಾರೆಯೇ? ನನ್ನನ್ನೂ ಕೇಳಲಿಲ್ಲ. ನನಗೋ ಕರೆಂಟಿನ ಹುಚ್ಚು. ಸುಟ್ಟ ಮೋಟಾರು ಕಂಡರೆ ಬಿಚ್ಚದೆ ಬಿಡುತ್ತಿರಲಿಲ್ಲ. ಬಂದೂಕು ನನ್ನ ಕನಸಿನಲ್ಲೂ ಬಂದದ್ದಿಲ್ಲ.

ಕಾಕಾ ಊರಿಗೆ ಮರಳಿದ ಮೇಲೆ ಸಾಲಿ ಮೈದಾನದಲ್ಲಿ ಸೈನ್ಯದ ಭರ್ತಿಗೆ ಹೋಗುವ ಹುಡುಗರನ್ನು ಓಡಿಸಿ ತಯಾರು ಮಾಡುತ್ತಿದ್ದರು. ನನಗೆ ಹದಿನೆಂಟು ತುಂಬಿದ್ದೇ ತಡ, ಅಪ್ಪ ಕೈಯಲ್ಲೊಂದು ತೆಂಗಿನಕಾಯಿ ಹಿಡಿದು ನನ್ನನ್ನು ಅಲ್ಲಿಗೆ ಕರೆದೊಯ್ದರು. ಕಾಕಾ ಅಪ್ಪನನ್ನು ಗೇಟಿನಾಚೆಯೇ ನಿಲ್ಲಿಸಿದರು. ಅದು ಅವರ ಪದ್ಧತಿ. ತಂದೆತಾಯಿಗೆ ಒಳಗೆ ಪ್ರವೇಶವಿಲ್ಲ. ಹುಡುಗನೊಬ್ಬನನ್ನೇ ಕರೆದು ಕೇಳುವರು.

"ಯಾಕ ಬಂದಿ?"

"ಅಪ್ಪ ಕಳಿಸ್ಯಾನ್ರಿ."

"ಹಂಗಾರ ಅಪ್ಪನ್ನ ಒಳಗ ಕಳಸು. ನೀ ಮನಿಗೆ ನಡಿ."

ಹುಡುಗರು ಬಿದ್ದು ಬಿದ್ದು ನಕ್ಕರು. ಅಪ್ಪನ ಮುಖ ಕೆಂಪು ಮೆಣಸಿನಕಾಯಿ. ಗೇಟು ದೂಡಿಕೊಂಡು ಬಂದೇ ಬಿಟ್ಟರು.

"ಲೇ, ನನ್ನ ಮಗನ್ನ ಹೊಳ್ಳಿ ಕಳಸಾಕ ನೀ ಯಾರು? ಇದು ಬಸವಣ್ಣನ ಹರಕಿ ಐತಿ!"

"ಹರಕಿ ಹೊತ್ತಾವ ಯಾರು?"

"ನಾನು."

"ಉರುಳ ಸೇವಾದ ಹರಕಿ ನೀ ಹೊತ್ತು, ಮಗನ್ನ ಉರುಳಸ್ತಿಯೇನು? ಹೊತ್ತಾವನ ತೀರಸಬೇಕು. ಊರಾಗ ಯಾವ ಮುದುಕಿನ್ನ ಕೇಳಿದ್ರೂ ಹೇಳ್ತಾಳ."

ಇನ್ನು ಹೊಡೆದಾಟವೇ ಆಯಿತು ಎಂದುಕೊಂಡೆ. ಆದರೆ ಅಪ್ಪ ನೆಲಕ್ಕೆ ಕುಕ್ಕರಿಸಿ ಅತ್ತುಬಿಟ್ಟರು. "ಹರಕಿ ತಪ್ಪಿದ್ರ ಕೊಟ್ಟಾವ ತಿರುಗಿ ತೊಗೊಂಡಾನಲೋ. ಇರಾವ ಒಬ್ಬನ ಮಗ." ಅಷ್ಟು ದಿನ ನಾನು, ಊರಲ್ಲಿ ಮೀಸೆ ತಿರುವಬೇಕೆಂಬ ಆಸೆ ಅಪ್ಪನಿಗೆ ಎಂದೇ ತಿಳಿದಿದ್ದೆ. ಅದು ಆಸೆಯಲ್ಲ, ಹೆದರಿಕೆ. ನಾನು ಸತ್ತೇನೆಂದು ಹೆದರಿಕೊಂಡೇ ಆ ಮನುಷ್ಯ ನನ್ನನ್ನು ಬೆಳೆಸಿದ್ದ. "ಹೋಗ್ಲಿ ಬಿಡ್ರಿ ಕಾಕಾ, ನಾ ಹೋಗ್ತೇನಿ" ಎಂದೆ.

"ನೀ ಸುಮ್ನಿರು. ಅಪ್ಪನ ಕಣ್ಣೀರಿಗೆ ಹೋಗೂದೂ ಒಂದ, ರಟ್ಟಿ ಹಿಡಿದು ಎಳಕೊಂಡು ಹೋಗೂದೂ ಒಂದ" ಎಂದು ಕಾಕಾ ನನ್ನ ಬಾಯಿ ಮುಚ್ಚಿಸಿದರು. ಆ ಕಾಲು ಇಟ್ಟುಕೊಂಡು ಕಷ್ಟಪಟ್ಟು ಅಪ್ಪನ ಪಕ್ಕದಲ್ಲಿ ಕೂತರು. "ನಿನ್ನ ಹರಕಿ ನೀನ ತೀರಸು. ಸೇವಾ ಮಾಡಾಕ ಗಡಿಗೇ ಹೋಗಬೇಕಂತೇನಿಲ್ಲ, ಊರಾಗ ಕೆಲಸ ಏನು ಕಡಿಮಿ ಅದಾವ? ಬರೂದಿದ್ರ ನಾಳೆ ಬಾ, ಒತ್ತಾಯ ಇಲ್ಲ. ನಾ ಜೋಡಿ ಇರ್ತೇನಿ."

ಮರುದಿನ ಇಬ್ಬರೂ ಬಸವಣ್ಣನಿಗೆ ಕಾಯಿ ಒಡೆದು ಬಂದರು. ಅಪ್ಪ ಕಸಬರಿಗೆ ಹಿಡಿದರು. ಮೊದಮೊದಲು ಗುರುತು ಸಿಗಬಾರದೆಂದು ಟವೆಲ್ಲನ್ನು ಮುಖದವರೆಗೂ ಎಳೆದುಕೊಳ್ಳುತ್ತಿದ್ದರು. ಆಮೇಲೆ ಟವೆಲ್ಲು ಹೆಗಲಿಗೆ ಬಂತು. ಬೇಸಿಗೆಯಲ್ಲಿ ಕಾಡಿನಂಚಿಗೆ ಬೆಂಕಿ ಬಿದ್ದರೆ ಹಸಿ ಟೊಂಗೆ ಹಿಡಿದು ಬಡಿಯಲು ಅಪ್ಪನೇ ಮುಂದು. ಮಳೆಗಾಲದಲ್ಲಿ ಅತ್ತಿವೇರಿ ರಸ್ತೆಗೆ ಮರ ಬಿದ್ದರೆ ಕೊಡಲಿ ಹೊತ್ತು ಹೊರಟೇಬಿಡುವರು. ಊರ ಕೆರೆಯ ಏರಿ ಕುಸಿದ ವರ್ಷ ಈ ಇಬ್ಬರು ಕೆಸರಿನಲ್ಲಿ ನಿಂತು ಉಸುಕಿನ ಚೀಲ ಹೊರುವುದನ್ನು ಕಂಡು, ದಂಡೆಯ ಮೇಲೆ ನಿಂತು ಸಲಹೆ ಕೊಡುತ್ತಿದ್ದವರೂ ಒಬ್ಬೊಬ್ಬರಾಗಿ ಇಳಿದರು. ಸಾಹುಕಾರರೂ ಇಳಿದರು, ಸುಳ್ಳು ಯಾಕೆ ಹೇಳಲಿ. "ನಮ್ಮ ಮನ್ಯಾಗ ಕಡೀಕೂ ಒಬ್ರು ಮಿಲಿಟರಿ ಸೇರಿದ್ರವಾ" ಎಂದು ಅವ್ವ ನಗುತ್ತಿದ್ದಳು. ಅಪ್ಪನ ಮುಖದ ಮೇಲಿನ ಹೆದರಿಕೆ ಯಾವಾಗ ಇಳಿದುಹೋಯಿತೋ ನಮಗೆ ಗೊತ್ತೇ ಆಗಲಿಲ್ಲ.

ನಾನು ಹಳಿಯಾಳದಲ್ಲಿ ಐಟಿಐ ಓದಿ ಮುಂಡಗೋಡಿನಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಹಾಕಿದೆ. ರೈತರು ಸುಟ್ಟ ಪಂಪು ತಂದಿಟ್ಟು, ಸಂಜೆ ಅದು ಗುಂಯ್ ಎಂದಾಗ ಅವರ ಮುಖ ಅರಳುವುದನ್ನು ನೋಡುತ್ತ ನನ್ನ ಬದುಕು ಸಾಗಿದೆ. ಇದು ನಾನೇ ಆರಿಸಿಕೊಂಡ ಬದುಕು ಎಂದು ಎದೆ ಮುಟ್ಟಿ ಹೇಳಬಲ್ಲೆ. ಅದು ಕಾಕಾ ಕೊಟ್ಟದ್ದು. ಹಾಗೆಂದು ಅವರು ಸೈನ್ಯವನ್ನು ಎಂದೂ ಹಳಿದವರಲ್ಲ. ತಾನಾಗಿ ಬಂದ ಹುಡುಗ ಆಯ್ಕೆಯಾಗಿ ಬಸ್ ಹತ್ತುವಾಗ ಕಾಕಾ ಸೆಟೆದು ನಿಂತು ಸೆಲ್ಯೂಟ್ ಹೊಡೆಯುತ್ತಿದ್ದರು. ಇನ್ನೂ ಮೀಸೆ ಮೂಡದವನಿಗೆ ಅಜ್ಜನಂಥವರ ಸೆಲ್ಯೂಟು! ಆ ಹುಡುಗರು ಕಿಟಕಿಯಲ್ಲಿ ಅಳುವುದನ್ನು ನಾನು ಕಂಡಿದ್ದೇನೆ.

ಹೋದ ಶ್ರಾವಣದಲ್ಲಿ ಕಾಕಾ ತೀರಿಕೊಂಡರು. ಬೆಳಿಗ್ಗೆ ಗುಡಿಸಿ ಬಂದು ಚಹಾ ಕುಡಿಯುತ್ತ ಕೂತವರು ಹಾಗೇ ಗೋಡೆಗೆ ಒರಗಿದರು. ಮಣ್ಣು ಮಾಡುವಾಗ ಅಪ್ಪ ಒಂದು ಹಿಡಿ ಮಣ್ಣು ಹಾಕಿ, "ನೀ ಮುಂದ ನಡಿ, ನಾ ಬರ್ತೇನಿ" ಎಂದರು. ನಾನು ಅತ್ತುಬಿಟ್ಟೆ.

ಮೊನ್ನೆ ಊಟಕ್ಕೆ ಕೂತಾಗ, ಪಿಯುಸಿ ಮುಗಿಸಿರುವ ನನ್ನ ಮಗಳು, "ಅಪ್ಪಾ, ನಾ ಮಿಲಿಟರಿ ಭರ್ತಿಗೆ ಹೋಗ್ತೇನಿ. ಈಗ ಹುಡುಗ್ಯಾರನ್ನೂ ತೊಗೊತಾರ" ಎಂದಳು. ಬೇಡ ಎನ್ನಲು ಬಾಯಿ ತೆರೆದವನು, ಬೆಂಬಲಕ್ಕೆಂದು ಅಪ್ಪನ ಕಡೆ ನೋಡಿದೆ. ಮೊಮ್ಮಗಳೆಂದರೆ ಅವರಿಗೆ ಪ್ರಾಣ. ಅವರೂ ಉಣ್ಣುವುದನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದರು.

"ಯಪ್ಪಾ, ನೀನರ ಹೇಳು ಅಕಿಗೆ" ಎಂದೆ.

ಅಪ್ಪ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, "ನಿನ್ನ ಎಳಕೊಂಡು ಹೋಗೂ ಹಕ್ಕು ನನಗ ಇರಲಿಲ್ಲ ಅಂದಮ್ಯಾಲ, ಅಕಿನ್ನ ಹಿಡಕೊಂಡು ಕೂಡೂ ಹಕ್ಕು ನಿನಗ ಎಲ್ಲಿಂದ ಬಂತೋ?" ಎಂದರು.

ಕಾಕಾ ನನಗೆ ಕೊಟ್ಟು ಹೋದದ್ದು ಇಷ್ಟು ಭಾರದ್ದೆಂದು ಅಲ್ಲಿಯವರೆಗೆ ನನಗೆ ತಿಳಿದಿರಲಿಲ್ಲ.

"ಹೋಗಿ ಬಾ ನಮ್ಮವ್ವಾ" ಎಂದೆ. ಬಾಯಿ ಅಂದಿತು, ಕರುಳು ಇನ್ನೂ ಅಂದಿಲ್ಲ.