ಸಾಸಿವೆ ಡಬ್ಬಿಯಲ್ಲಿ ಬಚ್ಚಿಟ್ಟ ಮಾತ್ರೆಗಳು

ಎರಡು ವರ್ಷದ ಹಿಂದಿನ ಶ್ರಾವಣದ ಮಾತು. ಅನು, ನೀನು ಆಗ ಆರನೇ ಕ್ಲಾಸು. ಲಿಖಿತ ಆಗಷ್ಟೇ ಒಂದನೇ ಕ್ಲಾಸಿಗೆ ಸೇರಿದ್ದ. ಈಗ ನಾನು ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೊರಡುವಾಗ ಚೀಲದಲ್ಲಿ ಹಳೆಯ ಸಾಸಿವೆ ಡಬ್ಬಿ ಇಟ್ಟುಕೊಳ್ಳುವುದನ್ನು ನೋಡಿ ನೀವಿಬ್ಬರೂ ನಗುತ್ತೀರಿ. "ಅಜ್ಜಿ ಡಾಕ್ಟರಿಗೆ ಒಗ್ಗರಣೆ ಹಾಕಕ್ಕೆ ಹೊರಟ್ರು" ಎಂದು ಲಿಖಿತ ಎದುರು ಮನೆಯವರಿಗೂ ಹೇಳಿಬಿಟ್ಟಿದ್ದಾನೆ. ಅನುವಿಗೆ ಇದರ ಅರ್ಧ ಗೊತ್ತು. ಉಳಿದರ್ಧವನ್ನು ಬರೆದಿಡುತ್ತೇನೆ. ಬಾಯಲ್ಲಿ ಹೇಳಲು ನನಗೆ ಈಗಲೂ ನಾಚಿಕೆಯಾಗುತ್ತದೆ.

ನಾನು ತುಮಕೂರು ಕಡೆಯ ಹಳ್ಳಿ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ನಿಮ್ಮ ತಾತ ಲೇತ್ ಮಿಷನ್ ಕೆಲಸ ಹಿಡಿದು ಪೀಣ್ಯಕ್ಕೆ ಬಂದಾಗ ಅವರ ಹಿಂದೆ ಬಂದೆ. ಅವರು ತೀರಿಕೊಂಡ ಮೇಲೂ ಇದೇ ಮನೆ, ಇದೇ ಸದ್ದು. ಹಿತ್ತಿಲ ಗೋಡೆಯಾಚೆಯ ಶೆಡ್ಡಿನಲ್ಲಿ ಪ್ರೆಸ್ ಮಿಷನ್ ಇದೆಯಲ್ಲ, ತಗಡು ಒತ್ತುವುದು, ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮನೆ ಧಡ್, ಧಡ್ ಅನ್ನುತ್ತದೆ. ಹೊಸಬರಿಗೆ ತಲೆನೋವು ಬರುತ್ತದೆ. ನನಗೆ ಅದು ನಿಂತರೇನೇ ಏನೋ ಕಳೆದುಕೊಂಡ ಹಾಗೆ.

ನನ್ನ ಎದೆ ಸರಿಯಿಲ್ಲ ಎಂದು ಗೊತ್ತಾದದ್ದೂ ಆ ಮಿಷನ್ನಿನಿಂದಲೇ. ಒಂದು ದಿನ ಅಕ್ಕಿ ಆರಿಸುತ್ತ ಕುಳಿತಿದ್ದಾಗ ಎದೆ ಹೊಡೆದುಕೊಳ್ಳುವುದು ಕಿವಿಗೇ ಕೇಳಿಸುತ್ತಿತ್ತು. ಮಿಷನ್ ಒಂದು ತಾಳದಲ್ಲಿ ಹೋಗುತ್ತಿದ್ದರೆ ನನ್ನದು ಎರಡು ಬೇಗ ಹೊಡೆದು, ಒಂದು ಬಿಟ್ಟು, ಮತ್ತೆ ಓಡುತ್ತಿತ್ತು. ಆಗಲೂ ನಾನು ಯಾರಿಗೂ ಹೇಳಲಿಲ್ಲ. ಒಂದು ಬೆಳಿಗ್ಗೆ ಬಕೆಟ್ ಎತ್ತುವಾಗ ಕಣ್ಣು ಕತ್ತಲಿಟ್ಟು ಕುಸಿದು ಕುಳಿತ ಮೇಲೆ ಸವಿತಾ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಸವಿತಾ ಅಂದರೆ ನಿಮ್ಮಮ್ಮ, ಇದನ್ನು ಓದುವ ಬೇರೆಯವರಿಗೆ ನನ್ನ ಸೊಸೆ.

ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಇಸಿಜಿ ಕಾಗದ ನೋಡಿ, ಎದೆಬಡಿತ ಲಯ ತಪ್ಪಿದೆ, ಹೀಗಾದಾಗ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗುವ ಭಯವಿದೆ ಎಂದು ಬಿಡಿಸಿ ಹೇಳಿದರು. ಬಡಿತ ಹತೋಟಿಗೆ ತರಲು ಒಂದು ಮಾತ್ರೆ, ರಕ್ತ ಗಟ್ಟಿಯಾಗದಿರಲು ಇನ್ನೊಂದು. ಎರಡನೆಯದು ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು, ಅದಕ್ಕೇ ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು, ಸೊಪ್ಪನ್ನು ಒಂದು ದಿನ ರಾಶಿ ತಿಂದು ಇನ್ನೊಂದು ದಿನ ಬಿಡಬಾರದು, ಬೇರೆ ಯಾವ ಔಷಧಿ ತೆಗೆದುಕೊಂಡರೂ ತಮಗೆ ಹೇಳಬೇಕು ಎಂದರು. ನಾನು ಎಲ್ಲದಕ್ಕೂ ತಲೆಯಾಡಿಸಿದೆ. ಸವಿತಾ ವಾರದ ಏಳು ದಿನಕ್ಕೆ ಏಳು ಗೂಡಿರುವ ಪ್ಲಾಸ್ಟಿಕ್ ಡಬ್ಬಿ ತಂದು, ದಿನಾ ತಾನೇ ಮಾತ್ರೆ ತೆಗೆದು ಕೈಗೆ ಕೊಡತೊಡಗಿದಳು.

ಆ ವರ್ಷ ನಮ್ಮ ಮಹಡಿಯ ರೂಮಿಗೆ ಶಾಂತವ್ವ ಬಾಡಿಗೆಗೆ ಬಂದಳು. ಗದಗದ ಕಡೆಯವಳು. ಗಂಡನದು ಕಟ್ಟಡದ ಕೆಲಸ, ಅವಳದು ನಡೆದು ಹೋಗುವಷ್ಟು ದೂರದ ಗಾರ್ಮೆಂಟ್ಸಿನಲ್ಲಿ ಹೊಲಿಗೆ. ಭಾನುವಾರದ ದಿನ ಜೋಳದ ರೊಟ್ಟಿ ಬಡಿದರೆ ಎರಡು ನನಗೆ ತಂದುಕೊಡುತ್ತಿದ್ದಳು. ಕೆಲಸದ ಜೊತೆಗೆ, ಶಕ್ತಿ ಬರುವ ಪುಡಿ, ಮಾತ್ರೆ ಮಾರುವ ಒಂದು ಗುಂಪಿಗೂ ಸೇರಿಕೊಂಡಿದ್ದಳು.

ಶ್ರಾವಣದ ಮೊದಲ ಶುಕ್ರವಾರ ಅವಳು ಬೀದಿಯ ಹೆಂಗಸರನ್ನೆಲ್ಲ ಅರಿಶಿನ ಕುಂಕುಮಕ್ಕೆ ಕರೆದಳು. ಸವಿತಾ ಹೋದಳು. ನಾನು ಕೆಳಗೇ ಉಳಿದೆ. ನಿಮ್ಮ ತಾತ ಹೋದಮೇಲೆ ಅಂಥ ಕಡೆ ನಾನು ಹೋಗುವುದಿಲ್ಲ, ಯಾರೂ ಬಾ ಎನ್ನುವುದೂ ಇಲ್ಲ. ಅದರಲ್ಲಿ ಬೇಸರವೇನೂ ಇಲ್ಲ ಎಂದುಕೊಂಡಿದ್ದೆ. ಎಲ್ಲರೂ ಹೋದ ಮೇಲೆ ಶಾಂತವ್ವ ಒಂದು ತಟ್ಟೆ ಹಿಡಿದುಕೊಂಡು ಮೆಟ್ಟಿಲಿಳಿದು ನನ್ನ ಮುಂದೆ ಬಂದು ನಿಂತಳು. ಕುಂಕುಮ ಇರಲಿಲ್ಲ, ಇದ್ದಿದ್ದರೆ ನಾನು ಮುಟ್ಟುತ್ತಿರಲಿಲ್ಲ. ಬಾಳೆಹಣ್ಣು, ತೆಂಗಿನಕಾಯಿ, ಒಂದು ರವಿಕೆ ಬಟ್ಟೆ. ಪಕ್ಕದಲ್ಲಿ ಎರಡು ಬಾಟಲಿ.

"ಮನಿ ಹಿರೀಕರಿಗೆ ಕೊಡಲಾರದ ನಾ ಹ್ಯಾಂಗ ಉಣ್ಲಿ ಅವ್ವಾರ? ತಗೋರಿ" ಎಂದಳು.

ನಿಮ್ಮ ತಾತ ಹೋದಮೇಲಿನ ಹನ್ನೊಂದು ವರ್ಷದಲ್ಲಿ ಯಾರೂ ನನಗೆ ತಟ್ಟೆಯಲ್ಲಿಟ್ಟು ಏನನ್ನೂ ಕೊಟ್ಟಿರಲಿಲ್ಲ. ಎರಡೂ ಕೈಯಲ್ಲಿ ತಟ್ಟೆ ತೆಗೆದುಕೊಂಡೆ. ಬಾಟಲಿಯಲ್ಲಿ ಏನಿದೆ ಎಂದು ಕೇಳಲಿಲ್ಲ. ಅವಳೇ ಹೇಳಿದಳು. ಇದು ಔಷಧಿಯಲ್ಲ, ಊಟವಿದ್ದ ಹಾಗೆ, ಊರಲ್ಲಿ ಅವಳ ಅಕ್ಕನಿಗೂ ಎದೆ ಡವಗುಟ್ಟುತ್ತಿತ್ತು, ಈಗ ಆರಾಮಾಗಿದ್ದಾಳೆ, ನನಗೂ ಒಳ್ಳೆಯದಾಗಲಿ ಎಂದು ತಂದಿದ್ದಾಳೆ. ದಿನಕ್ಕೆ ಹಳದಿಯದು ಎರಡು, ಬಿಳಿಯದು ಒಂದು. ಆಮೇಲೆ ಅವಳು ಒಂದು ಮಾತು ಕೇಳಿದಳು. ಆ ಮಾತನ್ನು ನೀವು ನೆನಪಿಟ್ಟುಕೊಳ್ಳಬೇಕು.

"ನೀವು ಬ್ಯಾರೆ ಗುಳಿಗಿ ಏನರ ತಗೋತೀರೇನ್ರಿ?"

ಇದ್ದದ್ದನ್ನು ಹೇಳಿದರೆ ಅವಳು ಬಾಟಲಿ ಹಿಂದಕ್ಕೆ ತೆಗೆದುಕೊಂಡಾಳು, ಅವಳ ಮುಖ ಚಿಕ್ಕದಾದೀತು ಅನಿಸಿತು. "ಇಲ್ಲ ಕಣಮ್ಮ, ಬಿಪಿದೊಂದು ಸಣ್ಣದು ಅಷ್ಟೇ" ಎಂದುಬಿಟ್ಟೆ. ಬಿಪಿ ನನಗೆ ಯಾವತ್ತೂ ಇರಲಿಲ್ಲ.

ಸವಿತಾಳಿಗೂ ಹೇಳಲಿಲ್ಲ. ಅವಳು ಬೈಯುವವಳಲ್ಲ, ಆದರೆ ಅಷ್ಟು ಜತನದಿಂದ ನೋಡಿಕೊಳ್ಳುವವಳ ಬೆನ್ನ ಹಿಂದೆ ಇನ್ನೊಂದನ್ನು ಇಟ್ಟುಕೊಂಡೆನಲ್ಲ ಎಂದು ಅಳುಕು. ನಮ್ಮೂರಲ್ಲಿ ಹೆಂಗಸರು ಗುಟ್ಟಿನದ್ದನ್ನೆಲ್ಲ ಸಾಸಿವೆ ಡಬ್ಬಿಯಲ್ಲಿ ಹುಗಿದಿಡುತ್ತಿದ್ದರು. ನಮ್ಮವ್ವ ತನ್ನ ಓಲೆ ಇಟ್ಟಿದ್ದೂ ಅಲ್ಲೇ. ನಾನೂ ಹಾಗೇ ಮಾಡಿದೆ. ಬಾಟಲಿ ಡಬ್ಬಿಯೊಳಗೆ ಹಿಡಿಸಲಿಲ್ಲ. ಮಾತ್ರೆಗಳನ್ನೆಲ್ಲ ಸಾಸಿವೆಯೊಳಗೆ ಸುರಿದು ಕಲಸಿ, ಬಾಟಲಿಗಳನ್ನು ಕಸದ ಗಾಡಿಗೆ ಹಾಕಿದೆ. ಅದರ ಮೇಲೆ ಇಂಗ್ಲಿಷಿನಲ್ಲಿ ಬರೆದಿತ್ತು, ಹೇಗೂ ನನಗೆ ಓದಲು ಬರುತ್ತಿರಲಿಲ್ಲ.

ಸುಳ್ಳು ಹೇಳಬಾರದು, ಮೊದಲ ವಾರ ಹಗುರ ಅನಿಸಿತು. ಗೋಡೆಗೆ ಒರಗಿ ಕುಳಿತು ಪ್ರೆಸ್ ಮಿಷನ್ನಿನ ಜೊತೆ ನನ್ನ ನಾಡಿ ಹೋಲಿಸಿ ನೋಡುತ್ತಿದ್ದೆ. ನಾಲ್ಕೈದು ಬಡಿತ ಜೊತೆಯಾಗಿ ಹೋದರೆ ಮಾತ್ರೆಯದೇ ಗುಣ ಎಂದುಕೊಳ್ಳುತ್ತಿದ್ದೆ. ತಪ್ಪಿದಾಗ ಮಾತ್ರ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಶ್ರಾವಣ ಸೋಮವಾರ ನನಗೆ ಉಪವಾಸ. ಸಂಜೆ ಪೂಜೆಯಾಗುವವರೆಗೆ ನೀರು, ಹಾಲು ಬಿಟ್ಟು ಏನೂ ಇಲ್ಲ. ಡಾಕ್ಟರ ಮಾತ್ರೆಯನ್ನು ಸವಿತಾ ಬಿಡಗೊಡುತ್ತಿರಲಿಲ್ಲ, ಅದು ಔಷಧಿ. ಆದರೆ ಶಾಂತವ್ವನದು ಊಟವಿದ್ದ ಹಾಗಲ್ಲವೇ? ಉಪವಾಸದ ದಿನ ಊಟದಂಥದ್ದನ್ನು ನುಂಗುವುದು ಹೇಗೆ? ಹಾಗಾಗಿ ಸೋಮವಾರದ್ದನ್ನು ಬಿಟ್ಟು ಮಂಗಳವಾರ ಎರಡು ದಿನದ್ದು ಸೇರಿಸಿ ತೆಗೆದುಕೊಳ್ಳುತ್ತಿದ್ದೆ. ಆಮೇಲಾಮೇಲೆ ಊಟವೇ ತಾನೇ, ಒಂದು ತುತ್ತು ಹೆಚ್ಚಾದರೆ ಏನು ಎಂದು ಬೇರೆ ದಿನವೂ ಒಂದೊಂದು ಹೆಚ್ಚಿಸಿದೆ. ಶ್ರಾವಣವೆಂದು ಊಟವೂ ಇಳಿದಿತ್ತು, ಸೊಪ್ಪಿನ ಸಾರು ಅಪರೂಪವಾಗಿತ್ತು.

ಮೂರನೇ ವಾರ ತೋಳಿನ ಮೇಲೆ ನೀಲಿ ಕಲೆಗಳು ಬಂದವು. ಎಲ್ಲೂ ತಗುಲಿಸಿಕೊಂಡ ನೆನಪಿರಲಿಲ್ಲ. ಸೆರಗು ಹೊದ್ದು ಮುಚ್ಚಿಕೊಂಡೆ. ಆ ವಾರದ ಪರೀಕ್ಷೆಯಲ್ಲಿ ರಕ್ತ ಇರಬೇಕಾದ್ದಕ್ಕಿಂತ ತೆಳುವಾಗಿದೆ ಎಂದು ಬಂತು. ಡಾಕ್ಟರು ಕಾಗದ ತಿರುವಿ ತಿರುವಿ ನೋಡಿ, ಇಷ್ಟು ದಿನ ಸರಿ ಇತ್ತಲ್ಲ ಎಂದರು. "ಅಜ್ಜಿ, ಹೊಸದಾಗಿ ಏನಾದ್ರೂ ತಗೋತಾ ಇದೀರಾ?" ಸವಿತಾ ನನಗಿಂತ ಮೊದಲೇ, ಇಲ್ಲ ಡಾಕ್ಟ್ರೇ, ಮಾತ್ರೆಯೆಲ್ಲ ನಾನೇ ಕೊಡೋದು ಎಂದಳು. ಅವಳ ದನಿಯಲ್ಲಿ ಅಷ್ಟು ನಂಬಿಕೆಯಿತ್ತು. ನಾನು ನೆಲ ನೋಡುತ್ತ ಕುಳಿತೆ. ಡಾಕ್ಟರು ತಮ್ಮ ಮಾತ್ರೆಯನ್ನೇ ಕಡಿಮೆ ಮಾಡಿ, ವಾರ ಬಿಟ್ಟು ಬನ್ನಿ ಎಂದರು. ನನ್ನ ಪ್ರಾಣ ಕಾಯುವ ಮಾತ್ರೆಯನ್ನು ನನ್ನ ಮೌನವೇ ಕಡಿಮೆ ಮಾಡಿಸಿತು ಎಂದು ಆಗ ಹೊಳೆಯಲಿಲ್ಲ.

ಕೊನೆಯ ಸೋಮವಾರ. ನೆಗಡಿಯೆಂದು ಅನು ಶಾಲೆಗೆ ಹೋಗಿರಲಿಲ್ಲ. ಹೊತ್ತು ಹತ್ತು ದಾಟಿತ್ತು. ನಾನು ಸಂಜೆಯ ಪೂಜೆಗೆಂದು ತಂಬಿಟ್ಟಿನ ಹಿಟ್ಟು ಜರಡಿ ಹಿಡಿಯುತ್ತಿದ್ದೆ. ಬಿಳಿ ಹಿಟ್ಟಿನ ಮೇಲೆ ಒಂದು ಕೆಂಪು ಹನಿ ಬಿತ್ತು. ಇನ್ನೊಂದು. ಮೂಗು ಮುಟ್ಟಿಕೊಂಡರೆ ಕೈ ತುಂಬ ರಕ್ತ. ಸವಿತಾ ಕೋಣೆಯಲ್ಲಿ ಹೊಲಿಯುತ್ತಿದ್ದ ಬಟ್ಟೆ ಬಿಟ್ಟು ಓಡಿ ಬಂದು ಮೂಗು ಒತ್ತಿ ಹಿಡಿದಳು. ನಿಲ್ಲಲಿಲ್ಲ. ಒಂದು ಟವೆಲ್ ಪೂರ್ತಿ ನೆನೆಯಿತು. ಅವಳು ಆಸ್ಪತ್ರೆಯ ಫೈಲು, ಏಳು ಗೂಡಿನ ಡಬ್ಬಿ ಚೀಲಕ್ಕೆ ಹಾಕಿಕೊಂಡು ಆಟೋ ನಿಲ್ಲಿಸಿದಳು. ಆಟೋ ಹತ್ತುವಾಗ ನಾನು, "ಅನು, ಸಾಸಿವೆ ಡಬ್ಬಿ ತಗೊಂಡು ಬಾ" ಎಂದೆ.

"ಈಗ ಸಾಸಿವೆ ಯಾಕತ್ತೆ?" ಎಂದು ಸವಿತಾ ಕೇಳಿದಳು. ನನಗೆ ಬುದ್ಧಿ ಭ್ರಮಣೆಯಾಯಿತು ಎಂದು ಅವಳಿಗೆ ಭಯವಾಗಿತ್ತಂತೆ. ಅನು ಮಾತ್ರ ಏನೂ ಕೇಳದೆ ಒಳಗೆ ಓಡಿ ಡಬ್ಬಿ ತಂದು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಅನು, ಅವತ್ತು ನೀನು ಯಾಕೆ ಎಂದು ಕೇಳಿದ್ದರೆ ಬಹುಶಃ ನಾನು ಬೇಡ ಬಿಡು ಎಂದುಬಿಡುತ್ತಿದ್ದೆ.

ಆಸ್ಪತ್ರೆಯಲ್ಲಿ ಮೂಗಿಗೆ ಬಟ್ಟೆಯ ಬತ್ತಿ ತುಂಬಿದರು. ಡಾಕ್ಟರು ಮತ್ತೆ ಅದೇ ಪ್ರಶ್ನೆ ಕೇಳಿದರು. ಜೀವಮಾನವೆಲ್ಲ ಬಾಯಿ ಬಿಡದವಳು ಕೊನೆಗೂ ಬಿಡಬೇಕಾಗಿ ಬಂದಾಗ ಮೂಗು ಕಟ್ಟಿ ದನಿಯೇ ಹೊರಡದು. ಅನುವಿನ ಕೈಯಿಂದ ಡಬ್ಬಿ ಇಸಿದುಕೊಂಡು ಮೇಜಿನ ಮೇಲೆ ಬೋರಲು ಹಾಕಿದೆ. ಇಸಿಜಿ ಕಾಗದದ ಮೇಲೆ, ಡಾಕ್ಟರ ಫೋನಿನ ಮೇಲೆ, ನೆಲದ ಮೇಲೆಲ್ಲ ಸಾಸಿವೆ ಉರುಳಿತು. ನಡುವೆ ಹಳದಿ, ಬಿಳಿ ಮಾತ್ರೆಗಳು.

ಡಾಕ್ಟರು ಒಂದು ಹಳದಿ ಮಾತ್ರೆ ಎತ್ತಿ ಬೆಳಕಿಗೆ ಹಿಡಿದು, ಇದರ ಬಾಟಲಿ ಎಲ್ಲಿ ಎಂದರು. ಬಾಟಲಿ ಇರಲಿಲ್ಲ. ಏನು ನುಂಗಿದ್ದೇನೆ ಎಂದು ನನಗೂ ಗೊತ್ತಿರಲಿಲ್ಲ. ಶಾಂತವ್ವನ ಹೆಸರು ಹೇಳಿದೆ. ಅಷ್ಟರಲ್ಲಿ ನಿಮ್ಮಪ್ಪ ಮಂಜು ಕೆಲಸದಿಂದ ಬಂದಿದ್ದ. ಫೋನ್ ಮಾಡಿದರೆ ಅವಳು ಎತ್ತಲಿಲ್ಲ. ಗಾರ್ಮೆಂಟ್ಸಿನಲ್ಲಿ ಫೋನನ್ನು ಗೇಟಿನಲ್ಲೇ ಇಸಿದುಕೊಳ್ಳುತ್ತಾರೆ. ಮಂಜು ಬೈಕಿನಲ್ಲಿ ಹೋಗಿ ಗೇಟಿನವನಿಗೆ ಹೇಳಿ ಕರೆಸಿದ. ಅವಳು ರೂಮಿಗೆ ಹೋಗಿ ಅದೇ ಥರದ ಬಾಟಲಿಗಳನ್ನು ತೆಗೆದುಕೊಂಡು ಆಸ್ಪತ್ರೆಗೆ ಬಂದಳು. ಸೀರೆಯ ಮೇಲೆಲ್ಲ ದಾರದ ಚೂರು, ಕೊರಳಲ್ಲಿ ಇನ್ನೂ ನೂಲು ಕತ್ತರಿಸುವ ಸಣ್ಣ ಕತ್ತರಿ ನೇತಾಡುತ್ತಿತ್ತು.

ಡಾಕ್ಟರು ಬಾಟಲಿ ಓದಿ ಹೇಳಿದರು. ಹಳದಿಯದು ಮೀನೆಣ್ಣೆ, ಜೊತೆಗೆ ಇ ವಿಟಮಿನ್. ಬಿಳಿಯದು ಮೆಗ್ನೀಷಿಯಂ. ಮೀನು ಎಂದಾಗ ಸವಿತಾ ನನ್ನ ಮುಖ ನೋಡಿದಳು. ನಮ್ಮ ಮನೆಯಲ್ಲಿ ಮೊಟ್ಟೆಯೂ ಬರುವುದಿಲ್ಲ. ಅದು ಊಟವಿದ್ದ ಹಾಗೆ ಎಂದುಕೊಂಡು ನಾನು ಉಪವಾಸ ಕೆಡದಂತೆ ಕಾಪಾಡಿಕೊಂಡು ಬಂದಿದ್ದೆ. ಮಂಗಳವಾರ ಮಂಗಳವಾರ ಮೀನೆಣ್ಣೆಯನ್ನು ಎರಡರಷ್ಟು ನುಂಗುತ್ತಿದ್ದೆ.

ಇದೊಂದೇ ಕಾರಣ ಎನ್ನಲಾಗದು, ಉಪವಾಸವೂ ಊಟದ ಏರುಪೇರೂ ಸೇರಿಕೊಂಡಿದೆ, ಆದರೆ ರಕ್ತ ತೆಳುವಾಗುವ ಮಾತ್ರೆ ತಿನ್ನುವವರು ಇಂಥದ್ದನ್ನು ಕೇಳದೆ ತೆಗೆದುಕೊಳ್ಳಬಾರದು ಎಂದರು ಡಾಕ್ಟರು. ಆಮೇಲೆ ನನ್ನ ಕಡೆ ತಿರುಗಿ, "ಅಜ್ಜಿ, ಊಟದ ಹೆಸರಲ್ಲಿ ಬಂದ್ರೂ ಮಾತ್ರೆ ಮಾತ್ರೆನೇ" ಎಂದರು.

ಮಂಜುವಿಗೆ ಸಿಟ್ಟು ನೆತ್ತಿಗೇರಿತ್ತು. ಅವನು ಶಾಂತವ್ವನ ಕಡೆ ತಿರುಗಿ, ವಯಸ್ಸಾದವರಿಗೆ ಇಂಥದ್ದನ್ನ ಕೊಡೋಕೆ ನೀವೇನು ಡಾಕ್ಟ್ರಾ ಎಂದು ಕೇಳಿ, ತಿಂಗಳು ತುಂಬುವುದರೊಳಗೆ ರೂಮು ಖಾಲಿ ಮಾಡಿ ಎಂದುಬಿಟ್ಟ. ಶಾಂತವ್ವ ನನ್ನನ್ನು ನೋಡಿದಳು. ನಾನು ಹೇಳಿದ ಸುಳ್ಳು ಅವಳಿಗೆ ನೆನಪಿತ್ತು. ಆದರೂ ಎಲ್ಲರೆದುರು ನನ್ನನ್ನು ಬಿಟ್ಟುಕೊಡಲಿಲ್ಲ.

ಅವಳು ಸುಮ್ಮನಿದ್ದದ್ದನ್ನು ನಾನು ತಡೆದುಕೊಳ್ಳಲಾರದೆ ಹೋದೆ. ನಾನೂ ಸುಮ್ಮನಿದ್ದರೆ ಅವಳು ಸಾಮಾನು ಕಟ್ಟಬೇಕಿತ್ತು. ಮೂಗಿನ ಬತ್ತಿಯ ಜೊತೆಯೇ, ಬಾಯಿಂದ ಉಸಿರೆಳೆದುಕೊಂಡು ಹೇಳಿದೆ. "ಅವಳು ಕೇಳಿದ್ಲು ಕಣೋ ಮಂಜು. ಬೇರೆ ಮಾತ್ರೆ ತಗೋತೀರಾ ಅಂತ ಮೊದಲೇ ಕೇಳಿದ್ಲು. ನಾನೇ ಇಲ್ಲ ಅಂದೆ. ಡಾಕ್ಟ್ರಿಗೂ ನಾನೇ ಹೇಳ್ಲಿಲ್ಲ. ಅವಳನ್ನ ಕಳಿಸೋದಾದ್ರೆ ನನ್ನ ಮೊದಲು ಕಳಿಸು."

ನನ್ನ ಜನ್ಮದಲ್ಲಿ ನಾಲ್ಕು ಜನರ ಮುಂದೆ ಅಷ್ಟು ಮಾತು ಒಟ್ಟಿಗೆ ಆಡಿರಲಿಲ್ಲ. ಮಂಜು ತಲೆ ತಗ್ಗಿಸಿದ. ಶಾಂತವ್ವ ಸೆರಗು ಬಾಯಿಗೆ ಹಿಡಿದುಕೊಂಡು ಅತ್ತಳು. ಸವಿತಾ ಬಗ್ಗಿ ನೆಲದ ಮೇಲಿನ ಸಾಸಿವೆ ಬಳಿಯತೊಡಗಿದಳು. ಅವಳ ಕಣ್ಣೂ ತುಂಬಿತ್ತು. ಅವಳಿಗೆ ಆದ ನೋವೇ ನನಗೆ ಹೆಚ್ಚು ನಾಟಿತು.

ಎರಡು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು ಕಳಿಸಿದರು. ಹಳದಿಯದು ನಿಂತಿತು. ಬಿಳಿಯದನ್ನು ಡಾಕ್ಟರು ಎಸೆಯಲಿಲ್ಲ. ರಕ್ತ ಪರೀಕ್ಷೆ ಮಾಡಿಸಿ, ನನ್ನಲ್ಲಿ ಆ ಸತ್ವ ಕಡಿಮೆಯೇ ಇದೆ ಎಂದು ತಿಳಿದ ಮೇಲೆ, ಅಳತೆ ಹೇಳಿ ಕೆಲವು ತಿಂಗಳು ತಾವೇ ಕೊಟ್ಟರು. ಎದೆಯೇನೂ ಪೂರ್ತಿ ನೆಟ್ಟಗಾಗಿಲ್ಲ. ಈಗಲೂ ಕೆಲವು ದಿನ ಮಿಷನ್ನಿಗೂ ಅದಕ್ಕೂ ಜಗಳ. ಆದರೆ ಹತೋಟಿಯಲ್ಲಿದೆ.

ಶಾಂತವ್ವ ಈಗಲೂ ಮಹಡಿಯಲ್ಲೇ ಇದ್ದಾಳೆ. ಆ ಬಾಟಲಿ ಮಾರುವುದನ್ನು ಬಿಟ್ಟಳು, ರೊಟ್ಟಿ ತರುವುದನ್ನು ಬಿಟ್ಟಿಲ್ಲ. ಮರುವರ್ಷದ ಶ್ರಾವಣದಲ್ಲೂ ನನಗೆ ತಟ್ಟೆ ಹಿಡಿದುಕೊಂಡು ಬಂದಳು. "ಈ ಸಲ ಬರೇ ಬಾಳಿಹಣ್ಣ ಐತ್ರಿ ಅವ್ವಾರ, ಬೇಕಾದ್ರ ಡಾಕ್ಟ್ರನ್ನ ಕೇಳಿ ತಿನ್ರಿ" ಎಂದಳು.

ಆ ಡಬ್ಬಿಯನ್ನು ತೊಳೆದು ಒಣಗಿಸಿ, ನಾನು ತಿನ್ನುವುದನ್ನೆಲ್ಲ, ಕೆಮ್ಮಿನ ಗುಳಿಗೆಯಿಂದ ಹಿಡಿದು, ಹೆಸರು ಅಚ್ಚಾಗಿರುವ ಅದರದರ ಸ್ಟ್ರಿಪ್ಪಿನ ಸಮೇತ ಅದರಲ್ಲಿಟ್ಟುಕೊಂಡು ತಿಂಗಳು ತಿಂಗಳು ಡಾಕ್ಟರ ಮೇಜಿನ ಮೇಲೆ ತೆರೆದಿಡುತ್ತೇನೆ. ಮೊನ್ನೆ ಅವರು ಎಂದಿನಂತೆ, ಬೇರೆ ಏನಾದರೂ ಉಂಟಾ ಅಜ್ಜಿ ಎಂದು ಕೇಳಿದರು. ಹಬ್ಬದ ದಿನ ಮೂರು ಹೋಳಿಗೆ ತಿಂದೆ ಎಂದೆ. ಹೊರಗೆ ಬಂದ ಮೇಲೆ ಸವಿತಾ ನಗುತ್ತ, ಅದನ್ನೆಲ್ಲ ಹೇಳಬೇಕಿತ್ತಾ ಅತ್ತೆ ಎಂದಳು.

ಹೇಳಬೇಕಿತ್ತು. ತಿಂದದ್ದು ನಾಲ್ಕು.