ಎತ್ತಂಗಡಿಯೂ ಎರಡು ನಿಮಿಷದ ಶಿಕ್ಷೆಯೂ

ನನಗೆ ಸ್ಕೇಟಿಂಗ್ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಐಸ್ ಹಾಕಿಯ ಬಗ್ಗೆ ನಾನಾಡುವ ಮಾತು ಕೇಳಿ ನೀವು ಮೋಸಹೋಗುತ್ತೀರಿ. ಯಾವ ಆಟಗಾರನನ್ನು ಯಾವ ತಂಡಕ್ಕೆ ಕೊಟ್ಟು ಯಾರನ್ನು ತರಬೇಕು, ಯಾವ ಹುಡುಗನನ್ನು ಇನ್ನೆರಡು ವರ್ಷ ಕೆಳಗಿನ ಲೀಗಿನಲ್ಲೇ ಬಿಡಬೇಕು, ಯಾರು ನಿಜವಾಗಿ ಬಿದ್ದ, ಯಾರು ಬಿದ್ದಂತೆ ಮಾಡಿದ, ಇವೆಲ್ಲದರ ಬಗ್ಗೆ ನನಗೆ ಖಚಿತವಾದ ಅಭಿಪ್ರಾಯಗಳಿವೆ. ಈ ಅಭಿಪ್ರಾಯಗಳೆಲ್ಲ ಹುಟ್ಟುವುದು ಲಂಡನ್ನಿನ ಇಲ್ಫರ್ಡಿನಲ್ಲಿರುವ ನಮ್ಮ ಮನೆಯ ಸೋಫಾದ ಮೇಲೆ. ಜನವರಿಯಲ್ಲಿ ಫುಟ್‌ಪಾತಿನ ಮೇಲೆ ಒಂದು ಬೆರಳು ಮಂಜು ಗಟ್ಟಿಯಾದರೆ ಸಾಕು, ಬಸ್ ಸ್ಟಾಪಿನವರೆಗೂ ಜನರ ಮನೆಯ ಕಾಂಪೌಂಡು ಹಿಡಿದು ನಡೆಯುವವನು ನಾನು.

ಧಾರವಾಡದಲ್ಲಿ ಹಾಕಿ ಎಂದರೆ ಕೆಂಪು ಮಣ್ಣಿನ ಆಟ. ನಮ್ಮ ಶಾಲೆಯ ತಂಡದಲ್ಲಿ ನಾನೂ ಇದ್ದೆ. ಹನ್ನೆರಡನೆಯವನಾಗಿ ನೀರಿನ ಕೊಡ ಕಾಯುತ್ತಿದ್ದೆ. ಹಾಗಾಗಿ ಮಗಳು ಮೇಘಾ ಏಳು ವರ್ಷದವಳಿದ್ದಾಗ, ಸಹಪಾಠಿಯ ಹುಟ್ಟುಹಬ್ಬಕ್ಕೆಂದು ಎರಡು ಬಸ್ ದೂರದ ಐಸ್ ರಿಂಕಿಗೆ ಕರೆ ಬಂದಾಗ, ನನಗೂ ಹೆಂಡತಿ ಸುನಂದಾಳಿಗೂ ಅದು ಎಂಥ ಜಾಗ ಎಂಬ ಕಲ್ಪನೆಯೇ ಇರಲಿಲ್ಲ. ಒಳಗೆ ಹೋದ ಕೂಡಲೇ ಒಂದು ಕೌಂಟರ್. ಜನ ಸಾಲಾಗಿ ನಿಂತು ಬೂಟು ಬಿಚ್ಚಿ ಕೊಡುತ್ತಿದ್ದರು. ಅಂಥ ಸಾಲು ಕಂಡರೆ ನಮ್ಮ ಕಡೆಯವರಿಗೆ ಪ್ರಶ್ನೆಯೇ ಏಳುವುದಿಲ್ಲ. ಬಿಚ್ಚಿದೆ, ಕೊಟ್ಟೆ, ಟೋಕನ್ ಇಸಿದುಕೊಂಡೆ, ನಡೆದೆ. ಸುನಂದಾಳೂ ಅದನ್ನೇ ಮಾಡಿದಳು. ಹಿಂದಿನಿಂದ ಕೌಂಟರಿನ ಹುಡುಗಿ 'ಸೈಜ್? ಸೈಜ್?' ಎಂದು ಕೂಗುತ್ತಿದ್ದಳು. ಚಪ್ಪಲಿ ಕಾಯುವವಳಿಗೆ ಸೈಜಿನ ಉಸಾಬರಿ ಯಾಕೆ ಎಂದುಕೊಂಡು ನಾನು ತಿರುಗಿಯೂ ನೋಡಲಿಲ್ಲ. ಬೂಟು ಕೊಟ್ಟವರಿಗೆ ಬದಲಿಗೆ ಸ್ಕೇಟ್ ಕೊಡುತ್ತಾರೆ, ಸುಮ್ಮನೆ ಕೂತು ನೋಡುವವರು ಬೂಟು ಬಿಚ್ಚಬೇಕಾಗಿಲ್ಲ ಎಂದು ಗೊತ್ತಾಗುವ ಹೊತ್ತಿಗೆ ಎರಡು ತಾಸು ಕಳೆದಿತ್ತು. ಕಾಲುಚೀಲದೊಳಗಿನ ಹತ್ತು ಬೆರಳುಗಳು ನನ್ನವೇ ಎಂಬ ನೆನಪೂ ಹೋಗಿತ್ತು.

"ದೇವರಿಲ್ಲದ ಗುಡಿಯೊಳಗ ಚಪ್ಪಲಿ ಬಿಟ್ಟ ಬಂದಂಗಾತು" ಎಂದು ಸುನಂದಾ ಬೈದುಕೊಂಡಳು.

ಆದರೆ ನನಗೆ ಆ ಮಾತು ಪೂರ್ತಿ ಒಪ್ಪಿಗೆಯಾಗಲಿಲ್ಲ. ಮಕ್ಕಳ ಗಲಾಟೆ ಮುಗಿದ ಮೇಲೆ ಅಲ್ಲಿನ ಕ್ಲಬ್ಬಿನ ಹುಡುಗಿಯರು ಅಭ್ಯಾಸಕ್ಕಿಳಿದರು. ಬಸ್ಸಿನ ಮೆಟ್ಟಿಲೇರುವಾಗ ಮುಗ್ಗರಿಸುವ ಮನುಷ್ಯಜಾತಿಗೆ ಸೇರಿದವರೇ ಇವರೂ ಎಂದು ನಂಬುವುದು ಕಷ್ಟವಾಯಿತು. ಬೆರಳಗಲವೂ ಇಲ್ಲದ ಅಲಗಿನ ಮೇಲೆ ನಿಂತು, ಹಿಂದಕ್ಕೆ ಜಾರುತ್ತ, ಕುತ್ತಿಗೆ ತಿರುಗಿಸಿ ಇನ್ನೆಲ್ಲೋ ನೋಡುತ್ತ, ಒಂದು ಕಪ್ಪು ರಬ್ಬರಿನ ಬಿಲ್ಲೆಯನ್ನು ಕೋಲಿನ ತುದಿಯಲ್ಲಿ ಸಾಕಿಕೊಂಡು ಹೋಗುತ್ತಿದ್ದರು. ಅಲಗು ಮಂಜುಗಡ್ಡೆಯನ್ನು ಕೊರೆಯುವ ಸರ್ ಸರ್ ಸದ್ದು ಎದೆಯೊಳಗೇ ಕೇಳುತ್ತಿತ್ತು. ನಾನು ಬಾಯಿ ತೆರೆದುಕೊಂಡು ಕೂತಿದ್ದೆ. ಪಕ್ಕದಲ್ಲಿ ಮೇಘಾಳೂ ಹಾಗೆಯೇ ಕೂತಿದ್ದಳು. ಮುಂದಿನ ವಾರವೇ ಅವಳನ್ನು ಸೇರಿಸಿದೆವು. ಮೊದಲ ಪಾಠದಲ್ಲಿ ಅವರು ಕಲಿಸಿದ್ದು ಜಾರುವುದನ್ನಲ್ಲ, ಬೀಳುವುದನ್ನು. ಹೇಗೆ ಬಿದ್ದರೆ ಪೆಟ್ಟಾಗುವುದಿಲ್ಲ, ಬಿದ್ದ ಮೇಲೆ ಯಾವ ಮೊಣಕಾಲನ್ನು ಮೊದಲು ಊರಿ ಏಳಬೇಕು ಎಂದು ಒಂದು ತಾಸು ಬೀಳಿಸಿ ಬೀಳಿಸಿ ಎಬ್ಬಿಸಿದರು. ಇಷ್ಟು ವರ್ಷ ಓದಿದ ನನಗೆ ಯಾವ ಮಾಸ್ತರರೂ ಇದನ್ನು ಕಲಿಸಿರಲಿಲ್ಲ.

ಅಭಿಪ್ರಾಯಗಳ ಚಟ ಹಚ್ಚಿದವನು ರಾಘಣ್ಣ. ವಿಜಯಪುರದವನು, ಗ್ರೀನ್‌ಫರ್ಡಿನ ಒಂದು ಗೋದಾಮಿನಲ್ಲಿ ಮೇಲ್ವಿಚಾರಕ, ನನಗಿಂತ ಹತ್ತು ವರ್ಷ ಹಿರಿಯ. ಹಿಂದೆ ಕೆಲಸದ ಮೇಲೆ ಒಂದು ಚಳಿಗಾಲ ಕೆನಡಾದಲ್ಲಿದ್ದಾಗ, ಮಾತಾಡಲು ಯಾರೂ ಸಿಗದೆ, ಕ್ಯಾಂಟೀನಿನ ಟಿವಿಯಲ್ಲಿ ಕಂಡ ತಂಡವೊಂದಕ್ಕೆ ಮನಸ್ಸು ಕೊಟ್ಟು ಬಂದವನು. ತಂಡದ ಹೆಸರು ಬೇಡ, ಅದು ಕಪ್ ಗೆದ್ದು ಬಹಳ ಕಾಲವಾಗಿದೆ, ಪಾಪ. ಅಲ್ಲಿ ಶನಿವಾರ ಮಧ್ಯಾಹ್ನ ಆಟವಿದ್ದರೆ ನಮಗೆ ಅದು ಸಂಜೆಯ ಚಹಾದ ಹೊತ್ತು. ರಾಘಣ್ಣ ಅರ್ಧ ಲಂಡನ್ನನ್ನು ಟ್ಯೂಬಿನಲ್ಲಿ ದಾಟಿ ನಮ್ಮ ಮನೆಗೆ ಬರುತ್ತಾನೆ. ಸುನಂದಾ ಮಂಡಕ್ಕಿಯ ಗಿರಮಿಟ್ ಕಲಸುತ್ತಾಳೆ. ಆ ತಂಡ ಮುಂದಕ್ಕೆಂದು ಕಣ್ಣಿಟ್ಟಿರುವ ಫಿನ್ಲೆಂಡಿನ ಯಾವುದೋ ಸಣ್ಣ ಊರಿನ ಹದಿನೇಳರ ಹುಡುಗ ಹೋದ ವಾರ ಎಡ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡದ್ದು ರಾಘಣ್ಣನಿಗೆ ಗೊತ್ತಿರುತ್ತದೆ. ಜಿಪಿ ಡಾಕ್ಟರು ಇವನ ಸ್ವಂತ ಬಿಪಿ ಎಷ್ಟೆಂದು ಕೇಳಿದರೆ ಮಾತ್ರ ಹೆಂಡತಿಯ ಮುಖ ನೋಡುತ್ತಾನೆ. ಇಷ್ಟು ಪ್ರೀತಿ, ಇಷ್ಟು ದೂರದಿಂದ, ಏನೂ ಮರಳಿ ಬಾರದ ಕಡೆಗೆ! ಭಕ್ತಿ ಎಂದರೆ ಇದೇ ಇರಬೇಕು ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಈ ಆಟದಲ್ಲಿ ಟ್ರೇಡ್ ಎಂದೊಂದಿದೆ. ಎರಡು ತಂಡದ ಯಜಮಾನರು ಫೋನಿನಲ್ಲಿ ಮಾತಾಡಿ ಆಟಗಾರರನ್ನು ಅದಲುಬದಲು ಮಾಡಿಕೊಳ್ಳುತ್ತಾರೆ. ಹೆಚ್ಚಿನವರನ್ನು ಕೇಳುವ ಪದ್ಧತಿಯಿಲ್ಲ. ಬೆಳಿಗ್ಗೆ ಮಗುವನ್ನು ಶಾಲೆಗೆ ಬಿಟ್ಟು ಬಂದ ಮನುಷ್ಯ ಮಧ್ಯಾಹ್ನಕ್ಕೆ ಇನ್ನೊಂದು ಊರಿನವನಾಗಿರುತ್ತಾನೆ. ನಮ್ಮ ಸರ್ಕಾರಿ ಭಾಷೆಯಲ್ಲಿ ಹೇಳುವುದಾದರೆ ಎತ್ತಂಗಡಿ. ನಾನೂ ರಾಘಣ್ಣನೂ ಗಿರಮಿಟ್ ಮೆಲ್ಲುತ್ತ ದಿನಕ್ಕೆ ನಾಲ್ಕು ಜನರನ್ನಾದರೂ ಎತ್ತಂಗಡಿ ಮಾಡುತ್ತಿದ್ದೆವು. ಒಂದು ಪಾಸ್ ತಪ್ಪಿದರೆ "ಕೊಟ್ಟುಬಿಡ್ರಿ ಅವನ್ನ" ಎಂದು ನಾನೇ ಮೊದಲು ಕೂಗುತ್ತಿದ್ದೆ.

ನಿಜವಾಗಿ ನೋಡಿದರೆ ಹಾಗೆ ಕೂಗುವ ಹಕ್ಕು ನನಗೆ ಎಲ್ಲರಿಗಿಂತ ಕಡಿಮೆ. ನಮ್ಮಪ್ಪ ಪೋಸ್ಟ್ ಮಾಸ್ತರರು. ಧಾರವಾಡದಿಂದ ನವಲಗುಂದ, ಅಲ್ಲಿಂದ ಮುದ್ದೇಬಿಹಾಳ. ಆರ್ಡರ್ ಬಂದ ದಿನ ಅವ್ವ ಗಡಿಗೆಗಳಿಗೆ ಹಳೆಯ ಸೀರೆ ಸುತ್ತತೊಡಗುತ್ತಿದ್ದಳು. ಹೊಸ ಊರಿನ ಶಾಲೆ ಹೇಗಿದೆ, ಗೆಳೆಯರು ಸಿಗುತ್ತಾರೋ ಇಲ್ಲವೋ, ನಾನು ಏನು ಕೇಳಿದರೂ ಅಪ್ಪನದು ಒಂದೇ ಉತ್ತರ: "ಹೋದ್ರ ಗೊತ್ತಾಗ್ತದ." ಒಮ್ಮೆ ಹೊರಡುವ ದಿನ ಬೆಳಿಗ್ಗೆ ನಾನು ಹೊಟ್ಟೆನೋವೆಂದು ನೆಲದ ಮೇಲೆ ಹೊರಳಾಡಿದೆ. ಅವ್ವ ಕಟ್ಟಿಟ್ಟಿದ್ದ ಬಾಣಲೆ ಬಿಚ್ಚಿ ಮಿರ್ಚಿ ಭಜಿ ಕರಿದಳು. ಮೂರನೆಯ ಭಜಿಗೆ ಕೈ ಚಾಚಿದಾಗ ನನ್ನ ಕಾಯಿಲೆ ಸಿಕ್ಕಿಬಿತ್ತು.

ಐಸ್ ಹಾಕಿಯಲ್ಲಿ ಇದಕ್ಕೆ ಡೈವಿಂಗ್ ಎನ್ನುತ್ತಾರೆ. ಎದುರಾಳಿಯ ಕೋಲು ಗಾಳಿಯಲ್ಲಿ ಹತ್ತಿರ ಸುಳಿದರೂ ಸಾಕು, ಲಾರಿ ಬಡಿದವರಂತೆ ಬೀಳುವುದು. ರೆಫರಿ ನಂಬಿದರೆ ಎದುರಾಳಿಗೆ ಶಿಕ್ಷೆ. ನಂಬದಿದ್ದರೆ ರೆಫರಿ ತನ್ನ ಬಲಗೈ ಮೇಲೆತ್ತಿ, ಬಿದ್ದವನನ್ನೇ ಎರಡು ನಿಮಿಷ ಹೊರಗೆ, ಗಾಜಿನ ಗೂಡಿನಂಥ ಜಾಗದಲ್ಲಿ ಕೂರಿಸುತ್ತಾನೆ. ಇಲ್ಲಿ ಅಭಿಮಾನಿಯ ಕಣ್ಣಿಗೆ ವಿಶೇಷ ಶಕ್ತಿಯೊಂದು ಬರುತ್ತದೆ. ಅವರವನು ಬಿದ್ದರೆ ನಾಟಕ, ನಮ್ಮವನು ಬಿದ್ದರೆ ಎಲುಬು ಮುರಿದಿರಬೇಕು. "ಆ ಮಗನ್ನ ಬಯಲಾಟಕ್ಕ ಕಳಸ್ರಿ" ಎಂದು ರಾಘಣ್ಣ ಕೂಗಿದ ಆಟಗಾರನೇ ಮುಂದಿನ ವರ್ಷ ಟ್ರೇಡಾಗಿ ನಮ್ಮ ತಂಡಕ್ಕೆ ಬಂದ. ಅಂದಿನಿಂದ ಅವನ ಮೊಣಕಾಲು ಸೂಕ್ಷ್ಮ ಎಂಬುದು ನಮ್ಮ ಮನೆಯಲ್ಲಿ ಇತ್ಯರ್ಥವಾದ ವಿಷಯ.

ನಮ್ಮಿಬ್ಬರಿಗೂ ಜಗಳವಾಗುತ್ತಿದ್ದದ್ದು ಎಳೆಯ ಆಟಗಾರರ ವಿಷಯಕ್ಕೆ. ಆ ತಂಡದಲ್ಲಿ ಹತ್ತೊಂಬತ್ತರ ಹುಡುಗನೊಬ್ಬನಿದ್ದ. ಅವನನ್ನು ದೊಡ್ಡ ತಂಡದ ಬೆಂಚಿನ ಮೇಲೆ ಕೂರಿಸಿ ಪಂದ್ಯಕ್ಕೆ ಐದು ನಿಮಿಷ ಆಡಿಸುವುದು ಒಳ್ಳೆಯದೋ, ದೂರದ ಸಣ್ಣ ಊರಿಗೆ ಕಳಿಸಿ ಹೊಟ್ಟೆತುಂಬ ಆಡಿಸುವುದು ಒಳ್ಳೆಯದೋ? ಕಣ್ಣೆದುರಿಗೇ ಇರಲಿ ಎಂದು ನನ್ನ ವಾದ.

"ಹೆಪ್ಪ ಹಾಕಿದ ಗಡಿಗಿ ತಾಸಿಗೊಮ್ಮೆ ತಗದ ನೋಡಿದ್ರ ಮಸರ ಆಗ್ತದೇನೋ ವಸಂತಾ? ದೂರ ಇಟ್ಟ ಸುಮ್ನ ಬಿಡು" ಎಂದು ರಾಘಣ್ಣ.

ಹೀಗಿರುವಾಗ ಹೋದ ಏಪ್ರಿಲ್‌ನಲ್ಲಿ ಎತ್ತಂಗಡಿ ನಮ್ಮ ಮನೆಯ ಬಾಗಿಲಿಗೇ ಬಂತು. ಮೇಘಾಳಿಗೆ ಹದಿನೆಂಟು ತುಂಬಿತ್ತು. ನಮ್ಮ ರಿಂಕಿನ ಮಹಿಳಾ ತಂಡದಲ್ಲಿ ಅವಳಿಗೆ ಜಾಗವೇನೋ ಇತ್ತು, ಆದರೆ ಬೆಂಚಿನ ಮೇಲೆ. ಇಂಗ್ಲೆಂಡಿನ ಉತ್ತರದ ಒಂದು ಊರಿನ ತಂಡ ಅವಳನ್ನು ಕೇಳಿದೆ, ಅಲ್ಲಿ ಪ್ರತಿ ಪಂದ್ಯ ಆಡುತ್ತಾಳೆ, ಓದಿಗೂ ಅಲ್ಲೇ ಸೀಟು ಸಿಗುತ್ತದೆ, ಭಾನುವಾರದೊಳಗೆ ಹೇಳಿ ಎಂದರು ಕೋಚ್. ಮೇಘಾಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. "ಐ ವಾಂಟ್ ಟು ಪ್ಲೇ, ಅಪ್ಪಾ" ಎಂದಳು. "ಆದ್ರ ನೀ ಹೂಂ ಅನಬೇಕು" ಎಂದು ಕನ್ನಡದಲ್ಲೇ ಸೇರಿಸಿದಳು. ಹದಿನೆಂಟಾದವಳನ್ನು ತಡೆಯುವ ಅಧಿಕಾರ ಈ ದೇಶದಲ್ಲಿ ನನಗಿಲ್ಲ. ಕೇಳದೆ ಹೊರಟಿದ್ದರೆ ಸಿಟ್ಟಾಗಿ ಸುಮ್ಮನಾಗುತ್ತಿದ್ದೆ. ಕೇಳಿದ್ದರಿಂದ ಕಷ್ಟಕ್ಕೆ ಸಿಕ್ಕಿಕೊಂಡೆ.

ನೋಡೋಣ ಎಂದೆ. ರಾಘಣ್ಣನಿಗೆ ಫೋನ್ ಮಾಡಿದೆ. ಫಿನ್ಲೆಂಡಿನ ಮಕ್ಕಳ ಭವಿಷ್ಯವನ್ನೆಲ್ಲ ಅಂಗೈಯಲ್ಲಿಟ್ಟುಕೊಂಡ ಮನುಷ್ಯ, "ಇದರಾಗ ನಾ ಏನೂ ಹೇಳೂದಿಲ್ಲಪಾ" ಎಂದ. ಅವನ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲು. ಸುನಂದಾ ಮಾತ್ರ ಬಿಡಲಿಲ್ಲ.

"ಮಂದಿ ಮಕ್ಕಳ್ನ ದಿನಾ ಆ ಊರಿಂದ ಈ ಊರಿಗೆ ಕಳಸ್ತೀರಿ. ನಮ್ಮ ಮನಿಗೆ ಬಂದ ಕೂಡ್ಲೆ ಯಾಕ ಬೆವರು?"

ಗುರುವಾರ ನನ್ನ ಬೆನ್ನು ಹಿಡಿಯಿತು. ಹಿಡಿಯಿತು ಎಂದರೆ, ಹಿಡಿಯಿತು ಎಂದು ನಾನು ಹೇಳಿದೆ. ಮೊದಮೊದಲು ಸ್ವಲ್ಪ ನಿಜವೂ ಇತ್ತು. ಕೌನ್ಸಿಲ್ ಕಚೇರಿಯಲ್ಲಿ ದಿನವಿಡೀ ಜನರ ಪಾರ್ಕಿಂಗ್ ಅರ್ಜಿ ನೋಡುತ್ತ ಕೂರುವವನಿಗೆ ಬೆನ್ನು ನೋಯದೆ ಇರುತ್ತದೆಯೇ? ಶುಕ್ರವಾರದ ಹೊತ್ತಿಗೆ ಗೋಡೆ ಹಿಡಿದು ನಡೆಯತೊಡಗಿದೆ. ಸಾಕ್ಸ್ ಹಾಕಲು ಮೇಘಾ ಬಗ್ಗಿದಳು. "ಮುಂದ ಹೆಂಗೋ ಏನೋ, ಮನಿಯೊಳಗ ಯಾರರ ಒಬ್ಬರು ಬೇಕು" ಎಂದು ಗಾಳಿಗೆ ಹೇಳಿದಂತೆ ಹೇಳಿದೆ. ಅವಳು ಇನ್ನೊಂದು ಸಾಕ್ಸ್ ಎತ್ತಿಕೊಂಡಳು. ಕೋಚಿಗೆ ಬರೆಯುತ್ತಿದ್ದ ಮೆಸೇಜನ್ನು ಆ ಸಂಜೆ ಅಳಿಸಿದ್ದು ನನಗೆ ಕಂಡಿತು. ನನಗೆ ಗೆದ್ದ ಸಂತೋಷವಾಯಿತು ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೆ ಆಯಿತು.

ಶನಿವಾರ ಸಂಜೆ ನಮ್ಮ ಕೆನಡಾದವರ ಆಟ. ಈ ಸಲ ಸೋತರೆ ಆ ವರ್ಷದ ಕಥೆ ಮುಗಿಯಿತು. ನಾನು ಬೆನ್ನಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು, ನರಳುವುದನ್ನು ಮರೆಯದೆ ಕೂತಿದ್ದೆ. ಸುನಂದಾ ಅವತ್ತು ಗಿರಮಿಟ್ ಜೊತೆಗೆ ಮಿರ್ಚಿಯನ್ನೂ ಕರಿದಿದ್ದಳು. ಅವ್ವನ ಭಜಿಯ ಕಥೆ ಅವಳಿಗೆ ಗೊತ್ತು, ನನಗೆ ಆಗಲೇ ಅನುಮಾನ ಬರಬೇಕಿತ್ತು. ಸಮ ಸಮ ಬಂದು ಹೆಚ್ಚುವರಿ ಆಟ ಶುರುವಾಯಿತು. ಇನ್ನು ಯಾರು ಮೊದಲು ಗೋಲು ಹೊಡೆದರೆ ಅವರದೇ ಗೆಲುವು. ಆಗ ಆ ಹತ್ತೊಂಬತ್ತರ ಹುಡುಗ, ದೂರದ ಸಣ್ಣ ಊರಿಗೆ ಹೋಗಿ ಹೊಟ್ಟೆತುಂಬ ಆಡಿ ಅದೇ ತಿಂಗಳು ವಾಪಸು ಬಂದಿದ್ದವನು, ಇಬ್ಬರ ನಡುವೆ ನುಸುಳಿದ. ಒಬ್ಬ ಅವನ ಕಾಲಿಗೆ ಕೋಲು ಕೊಟ್ಟ. ಬೀಳಬಹುದಿತ್ತು, ಬಿದ್ದಿದ್ದರೆ ಎದುರಾಳಿಗೆ ಶಿಕ್ಷೆಯೆಂದು ರೆಫರಿ ಖಂಡಿತ ಕೈಯೆತ್ತುತ್ತಿದ್ದ. ಹುಡುಗ ಬೀಳಲಿಲ್ಲ. ಒಂದೇ ಕಾಲ ಮೇಲೆ ತೂರಾಡುತ್ತ, ಮೈಯನ್ನು ಹೇಗೋ ಎತ್ತಿ ಹಿಡಿದು, ಬಿಲ್ಲೆಯನ್ನು ಬಲೆಗೆ ನೂಕಿದ.

ರಾಘಣ್ಣ ಏಳುವ ಮೊದಲೇ ನಾನು ಸೋಫಾ ಬಿಟ್ಟು ಮೇಲಕ್ಕೆ ಹಾರಿದ್ದೆ. ಎರಡು ಸಲ ಹಾರಿದೆ ಎಂದು ಸುನಂದಾ ಆಮೇಲೆ ಸಾಕ್ಷಿ ಹೇಳಿದಳು. ಕೆಳಗಿಳಿದು ನೋಡಿದರೆ ಬಿಸಿನೀರಿನ ಚೀಲ ನೆಲದ ಮೇಲಿತ್ತು, ಬಾಗಿಲಲ್ಲಿ ಮೇಘಾ ನಿಂತಿದ್ದಳು. ಅವಳು ಸಿಟ್ಟಾಗಲಿಲ್ಲ, ಅಳಲಿಲ್ಲ. ನಿಧಾನವಾಗಿ ಬಲಗೈ ಮೇಲಕ್ಕೆತ್ತಿದಳು, ರೆಫರಿಯ ಹಾಗೆ. ಎಡಗೈಯಿಂದ ಕೋಣೆಯ ಹೊರಗಿನ ಮಹಡಿ ಮೆಟ್ಟಿಲು ತೋರಿಸಿದಳು.

"ಡೈವಿಂಗ್. ಟೂ ಮಿನಿಟ್ಸ್, ಅಪ್ಪಾ."

ರಾಘಣ್ಣ ಮಂಡಕ್ಕಿಯ ತಟ್ಟೆಯಲ್ಲಿ ಮುಖ ಹುದುಗಿಸಿದ. ನಾನು ಹೋಗಿ ಕೆಳಗಿನ ಮೆಟ್ಟಿಲ ಮೇಲೆ ಕೂತೆ. ಎದುರಿಗೇ ಅವಳ ಕಿಟ್ ಬ್ಯಾಗು. ಅದರ ಬೆವರಿನ ವಾಸನೆಗೆ ಹನ್ನೊಂದು ವರ್ಷ ಬೈದಿದ್ದೇನೆ. ಹಿತ್ತಿಲ ಬಾಗಿಲ ಗಾಜಿನಾಚೆ ಅವಳ ಏಳನೇ ವರ್ಷದ ಕೋಲು ಕಾಣುತ್ತಿತ್ತು, ಈಗ ಸುನಂದಾಳ ಟೊಮೆಟೊ ಗಿಡಕ್ಕೆ ಅದೇ ಆಸರೆ. ಆ ಹುಡುಗಿ ಎಷ್ಟು ಸಲ ಬಿದ್ದಿದ್ದಾಳೆ! ತುಟಿ ಒಡೆದಿದೆ, ಮಣಿಕಟ್ಟು ಮುರಿದಿದೆ. ಒಂದು ಸಲವೂ ಮಲಗಿಕೊಂಡು ರೆಫರಿಯ ಮುಖ ನೋಡಿದವಳಲ್ಲ. ಆ ಗುಣ ನನ್ನಿಂದ ಬಂದದ್ದಲ್ಲ ಎಂಬುದು ಈಗ ಮನೆಗೆಲ್ಲ ಗೊತ್ತಾಗಿತ್ತು. ನನ್ನ ಮನೆಯಲ್ಲೇ, ನನ್ನ ಅನ್ನ ಉಂಡು, ಇಂಥದೊಂದು ಜೀವ ಬೆಳೆದಿದೆಯಲ್ಲ ಎಂದು ನನಗೆ ಮೈ ಜುಮ್ಮೆಂದಿತು.

ಎರಡು ನಿಮಿಷ ಮುಗಿದಿರಬೇಕು. ಅವಳು ಬಂದು ಪಕ್ಕದಲ್ಲಿ ಕೂತಳು. ಅಲ್ಲಿಯವರೆಗೂ ಅವಳಿಗೂ ಹೆದರಿಕೆಯಿದೆ ಎಂದು ನನಗೆ ಹೊಳೆದೇ ಇರಲಿಲ್ಲ.

"ವಾಟ್ ಇಫ್ ಐ ಯಾಮ್ ನೋ ಗುಡ್ ದೇರ್?" ಎಂದಳು.

ದೊಡ್ಡ ಅಭಿಪ್ರಾಯಗಳೆಲ್ಲ ಎಲ್ಲಿ ಹೋಗಿದ್ದವೋ ಗೊತ್ತಿಲ್ಲ. ಬಾಯಿಗೆ ಬಂದದ್ದು ಪೋಸ್ಟ್ ಮಾಸ್ತರರ ಮಾತು. "ಹೋದ್ರ ಗೊತ್ತಾಗ್ತದ" ಎಂದೆ. ಆ ಮಾತು ಹೇಳುವಾಗ ಅಪ್ಪನಿಗೂ ಹೆದರಿಕೆಯಾಗುತ್ತಿತ್ತೇನೋ, ಅದಕ್ಕೇ ಅಷ್ಟು ಚಿಕ್ಕದಾಗಿ ಹೇಳುತ್ತಿದ್ದರೇನೋ.

ಆಗಸ್ಟ್ ಕೊನೆಗೆ ಹೊರಟಳು. ಸ್ಟೇಷನ್ನಿಗೆ ಬಿಡಲು ರಾಘಣ್ಣ ಗ್ರೀನ್‌ಫರ್ಡಿನಿಂದ ಕಾರು ತಂದಿದ್ದ. ಬ್ಯಾಗಿಗೆ ಅವಳು ಕೈ ಹಾಕಿದಳು, ಬೇಡ ಎಂದೆ, ನಾನೇ ಎತ್ತುತ್ತೇನೆ ಎಂದೆ. ಹನ್ನೊಂದು ವರ್ಷದ ಆಟವೆಲ್ಲ ತುಂಬಿಕೊಂಡ ಆ ಚೀಲವನ್ನು ಒಂದೇ ಏಟಿಗೆ ಎತ್ತಿ ಡಿಕ್ಕಿಯಲ್ಲಿಟ್ಟೆ. ಸೊಂಟದಲ್ಲಿ ಏನೋ ಕಟಕ್ ಎಂದಿತು. ಅಯ್ಯೋ ಎಂದು ಕಾರು ಹಿಡಿದು ಬಗ್ಗಿ ನಿಂತೆ, ಕಣ್ಣಲ್ಲಿ ನೀರು ಬಂತು. ಇದು ಅಪ್ಪಟ ನೋವು, ಒಂದು ಗುಂಜಿಯಷ್ಟೂ ಬೆರಕೆಯಿಲ್ಲ.

ಮೇಘಾ, ಸುನಂದಾ, ರಾಘಣ್ಣ ಮೂವರೂ ನನ್ನನ್ನು ನೋಡಿದರು. ಮೂವರೂ ಒಟ್ಟಿಗೆ ಬಲಗೈ ಎತ್ತಿದರು.