ಭಾನುವಾರದ ರಾಹುಕಾಲ

"ಎಷ್ಟು ಜನ ಇರ್ತೀರಾ?" ಎಂದು ಮಾಲೂರಿನ ಮನೆ ಓನರಮ್ಮ ಕೇಳಿದರು.

"ಇಬ್ಬರು. ಭಾನುವಾರ ಮಾತ್ರ ಮೂವರು," ಎಂದ ನಿಮ್ಮ ವೆಂಕಟೇಶ ಮಾವ.

ಆಯಮ್ಮ ನನ್ನ ಮುಖ ನೋಡಿದರು. ನಾನು ಗೋಡೆಯ ಕಡೆ ತಿರುಗಿಕೊಂಡೆ. ಮನೆಯಲ್ಲಿ ಹುಟ್ಟಿದ ಕೂಸು ವಾರಕ್ಕೊಂದು ದಿನದ ನೆಂಟಳಾಗುವುದನ್ನು ಅಲ್ಲಿಯವರೆಗೆ ನಾನು ಕಂಡಿರಲಿಲ್ಲ.

ಮೊಮ್ಮಕ್ಕಳೇ, ನಾವು ರಾಯಲ್ಪಾಡು ಬಿಟ್ಟದ್ದು ಯಾಕೆಂದು ನಿಮಗೆ ಯಾರೂ ಸರಿಯಾಗಿ ಹೇಳಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಮಗ ವೆಂಕಟೇಶನಿಗೂ ಅವನ ಹೆಂಡತಿ ಮಂಜುಳನಿಗೂ ವಿಚ್ಛೇದನವಾಯಿತು. ನಾಲ್ಕು ವರ್ಷದ ಚೈತ್ರಾ ತಾಯಿಯ ಹತ್ತಿರ ಇರಬೇಕು, ಭಾನುವಾರ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ತಂದೆಯ ಹತ್ತಿರ ಎಂದು ಕೋರ್ಟಿನಲ್ಲಿ ತೀರ್ಮಾನವಾಯಿತು. ಮಂಜುಳನ ತವರು ಮಾಲೂರು. ಆ ಏಳು ಗಂಟೆಗಾಗಿ ವೆಂಕಟೇಶ ಮಾವಿನ ತೋಟವನ್ನು ಗುತ್ತಿಗೆಗೆ ಕೊಟ್ಟು ಅಲ್ಲಿನ ಹೆಂಚಿನ ಕಾರ್ಖಾನೆಗೆ ಸೇರಿದ. ಅಡುಗೆಗೆಂದು ನಾನೂ ಹೋದೆ.

ಆಂಧ್ರದ ಗಡಿಯ ನಮ್ಮೂರಲ್ಲಿ ಬಾಯಿ ತೆರೆದರೆ ತೆಲುಗು. ಏಳನೇ ತರಗತಿಯವರೆಗೆ ಕಲಿತ ನನ್ನ ಕನ್ನಡ ಓದಲು ಸಾಕಾಗಿತ್ತು, ವಠಾರದ ನಲ್ಲಿಯ ಮುಂದೆ ಮಾತಾಡಲು ಸಾಲದು. ವಠಾರವೆಂದರೆ ಒಂದೇ ಅಂಗಳಕ್ಕೆ ಬಾಗಿಲು ತೆರೆಯುವ ಆರು ಮನೆ. ಒಬ್ಬರ ಕೆಮ್ಮು ಎಲ್ಲರಿಗೂ ಕೇಳುತ್ತದೆ. ಊರಲ್ಲಿ ಸೊಪ್ಪು ಹಿತ್ತಲಿನಿಂದ ಬರುತ್ತಿತ್ತು. ಇಲ್ಲಿ ಗಾಡಿಯವನು ಕೊಟ್ಟಿದ್ದನ್ನು ತಲೆ ತಗ್ಗಿಸಿ ತರುತ್ತಿದ್ದೆ. "ಇದು ಬಾಡಿದೆ, ಬೇರೆ ಕೊಡಪ್ಪ" ಎನ್ನಲು ಎರಡು ತಿಂಗಳು ಹಿಡಿಯಿತು. ಅವತ್ತು ಒಬ್ಬಳೇ ನಕ್ಕೆ.

ಆದರೆ ಭಾನುವಾರದ ಭಯ ಹೋಗಲಿಲ್ಲ. ನಾಲ್ಕೂವರೆಯಿಂದ ಆರರವರೆಗೆ ರಾಹುಕಾಲ. ಆ ಹೊತ್ತಿನಲ್ಲಿ ನಮ್ಮಲ್ಲಿ ಹೆಣ್ಣುಮಕ್ಕಳನ್ನು ಮನೆಯಿಂದ ಕಳಿಸುವುದಿಲ್ಲ. ಒಂದು ಭಾನುವಾರ ಇಲ್ಲಿಂದ ಹೋದ ರಾತ್ರಿಯೇ ಮಗುವಿಗೆ ಜ್ವರ ಬಂತೆಂದು ತಿಳಿದಾಗ ನನ್ನ ಎದೆ ಒಡೆಯಿತು.

ಮುಂದಿನ ಭಾನುವಾರ ಮೂರು ಗಂಟೆಗೆ ವೆಂಕಟೇಶನಿಗೆ ಕಾರ್ಖಾನೆಯಿಂದ ಕರೆ ಬಂತು. "ಐದಕ್ಕೆ ಪಾಪನ್ನ ನೀನೇ ಬಿಟ್ಟು ಬಾಮ್ಮ. ನಾಲ್ಕೇ ಬೀದಿ."

"ಆರಕ್ಕೆ ಬಿಟ್ರೆ ಆಗಲ್ವೇನೋ? ಕೋರ್ಟಿನೋರಿಗೆ ರಾಹುಕಾಲ ಗೊತ್ತಿಲ್ವಾ?"

"ಅವರಿಗೆ ಗಡಿಯಾರ ಗೊತ್ತಮ್ಮ. ಐದು ಅಂದ್ರೆ ಐದೇ."

ಅವನು ಹೋದ ಮೇಲೆ ನಾನು ಚಿಲಕ ಹಾಕಿ, ನಿದ್ದೆ ಹೋಗಿದ್ದ ಮಗುವಿನ ಪಕ್ಕ ಕೂತೆ. ಐದಾಯಿತು. ಐದೂವರೆಗೆ ಬಾಗಿಲು ಬಡಿದ ಸದ್ದು.

"ಮಗೂನ ಎಲ್ಲಿ ಬಚ್ಚಿಟ್ಟಿದ್ದೀರಾ? ಪೊಲೀಸಿಗೆ ಹೇಳ್ತೀನಿ. ಇನ್ಮೇಲೆ ಭಾನುವಾರನೂ ಇಲ್ಲ, ಏನೂ ಇಲ್ಲ." ಮಂಜುಳನ ಅಣ್ಣನ ಗಂಟಲು. ಮಗುವನ್ನು ಅವಚಿಕೊಂಡೆನೇ ಹೊರತು ಎದ್ದು ಬಾಗಿಲು ತೆಗೆಯಲಾಗಲಿಲ್ಲ. ವೆಂಕಟೇಶ ಬಂದು "ತೆಗಿಯಮ್ಮ, ನಾನು" ಎಂದಾಗಲೇ ತೆಗೆದದ್ದು.

ಅಣ್ಣನ ಜೊತೆ ಬಂದಿದ್ದ ಮಂಜುಳ ಮಗುವನ್ನು ಕಿತ್ತುಕೊಂಡಳು. "ಯಾಕತ್ತೆ ಹಿಂಗೆ ಮಾಡಿದ್ರಿ?"

"ರಾಹುಕಾಲ ಕಣಮ್ಮ."

"ನಾಳೆ ಯಮಗಂಡಕಾಲ ಅಂತೀರಾ," ಎಂದ ಅಣ್ಣ.

ಅಂಗಳದ ತುಂಬ ಜನ. ವೆಂಕಟೇಶ ನನ್ನ ಕಡೆ ನೋಡಲೂ ಇಲ್ಲ. "ತಪ್ಪು ನಂದು. ಕರ್ಕೊಂಡು ಬಂದೋನು ನಾನು, ತಂದು ಬಿಡಬೇಕಾದೋನೂ ನಾನೇ. ಕೆಲಸ ಅಂತ ಹೋಗಬಾರದಿತ್ತು. ಇನ್ಮೇಲೆ ನಾಲ್ಕಕ್ಕೇ ತಂದುಬಿಡ್ತೀನಿ, ಮಂಜುಳ."

ಅವಳು ಮಗುವನ್ನೆತ್ತಿಕೊಂಡು ಹೊರಟುಹೋದಳು. ಇನ್ನು ಕಳಿಸುತ್ತಾಳೋ ಇಲ್ಲವೋ ಎಂದು ಆ ವಾರ ನಮ್ಮಿಬ್ಬರಿಗೂ ಅನ್ನ ಇಳಿಯಲಿಲ್ಲ. ಭಾನುವಾರ ಬಂದಾಗ ಅವನು ಹತ್ತಕ್ಕೆ ಮುಂಚೆಯೇ ಹೋದ. ಹತ್ತೂವರೆಗೆ ಬೀದಿಯ ತಿರುವಿನಲ್ಲಿ ಅವನ ಹೆಗಲ ಮೇಲೆ ಚೈತ್ರಾ ಕಂಡಳು. ನಾನು ಒಳಗೆ ಹೋಗಿ ಅತ್ತೆ.

"ನಾಲ್ಕು ಅಂದಿದ್ದೀರಿ, ನೆನಪಿರಲಿ ಅಂದ್ಲು ಮಂಜುಳ," ಎಂದನಷ್ಟೆ.

ಏಳರಲ್ಲಿ ಒಂದು ಗಂಟೆಯನ್ನು ನನ್ನ ಭಯಕ್ಕಾಗಿ ಬಿಟ್ಟುಕೊಟ್ಟ. ಇಷ್ಟು ವರ್ಷದಲ್ಲಿ ಒಮ್ಮೆಯೂ ಆಡಿ ತೋರಿಸಿಲ್ಲ.

ಹತ್ತು ವರ್ಷವಾಯಿತು, ಚೈತ್ರಾ ಈಗ ಹೈಸ್ಕೂಲು, ಈಗಲೂ ಬರುತ್ತಾಳೆ. ನಿಮ್ಮನ್ನು ನೋಡಲು ನಾನು ರಾಯಲ್ಪಾಡಿಗೆ ಬಂದರೆ ಶನಿವಾರವೇ ನನ್ನ ಕಾಲು ನಿಲ್ಲುವುದಿಲ್ಲ, ಮಾಲೂರು ಸೇರಬೇಕು. ಮಾಲೂರಿನಲ್ಲಿ ನಾಲ್ಕಕ್ಕೆ ಅಪ್ಪ ಮಗಳಿಬ್ಬರೂ ಬೀದಿ ತಿರುಗಿ ಮರೆಯಾದ ಮೇಲೆ, ನಮ್ಮೂರಿಗೆ ಹೊರಟುಬಿಡೋಣ ಎನ್ನಿಸುತ್ತದೆ. ಹೊರಡುವುದಿಲ್ಲ. ಮಗಳನ್ನು ಬಿಟ್ಟು ಬರಿಗೈಯಲ್ಲಿ ಬರುವವನಿಗೆ ಬಾಗಿಲಲ್ಲಿ ಯಾರಾದರೂ ಇರಬೇಕು.